ಬಿಳಿ ದಾರದ ಸೌಟು

ಜನವರಿ 12

ಮರಿ,

ಹೊಟ್ಟೆನೋವು ಹೇಗಿದೆ? ಮೊದಲು ಅದನ್ನು ಹೇಳು, ಉಳಿದವರ ಸುದ್ದಿ ಆಮೇಲೆ. ನಿಮ್ಮ ಬೈಂಡಿಂಗ್ ಮನೆಯ ಅಂಟಿನಜ್ಜನ ಮಂಡಿ ಈಗ ಬಾಗುತ್ತದೆಯೇ? ನೀವೆಲ್ಲ ‘ಗಡಿಯಾರ’ ಅಂತ ಕರೆಯುವ ಆ ಮೇಸ್ತ್ರಿಗೆ ಬಿ.ಪಿ. ಇಳಿಯಿತೇ? ನಿನ್ನ ಕೋಣೆಯ ಕೆಳಗಿನ ಮನೆಯ ಮುದುಕಿ ಕೆಮ್ಮು ಬಿಟ್ಟಳೋ, ಇಲ್ಲ ಕೆಮ್ಮೇ ಅವಳನ್ನು ಬಿಡುತ್ತಿಲ್ಲವೋ? ಇಲ್ಲಿ ನಿನ್ನ ಭಾವ ಗಟ್ಟಿಯಾಗಿದ್ದಾರೆ. ಕಿವಿ ಇನ್ನಷ್ಟು ಮಂದವಾಗಿದೆ. ಆದರೆ ತಿಂಡಿ ಡಬ್ಬಿಯ ಮುಚ್ಚಳ ತೆಗೆದ ಸದ್ದು ಮೂರು ಕೋಣೆ ಆಚೆಯಿಂದ ಕೇಳಿಸುತ್ತದೆ. ಮಗಳು, ನಮ್ಮ ದೊಡ್ಡವಳು, ಚೆನ್ನಾಗಿದ್ದಾಳೆ. ನಾನು ಅಡುಗೆ ಮಾಡಿದ ಆಸ್ಪತ್ರೆಯಲ್ಲೇ ಅವಳು ಈಗ ನರ್ಸು, ಗೊತ್ತಲ್ಲ. ಅಲ್ಲಿನ ಈಗಿನ ಊಟ ನಾಯಿಯೂ ಮೂಸುವುದಿಲ್ಲವಂತೆ. ಅದನ್ನು ಕೇಳಿ ನನಗೆ ಸಂತೋಷವಾಯಿತು. ಆಗಬಾರದಿತ್ತು, ಆದರೆ ಆಯಿತು.

ನಿನ್ನ ಹೋದ ಪತ್ರ ನಾಲ್ಕು ಸಲ ಓದಿದೆ. ಅದರಲ್ಲಿ ‘ಹೊಲಿಗೆಯಕ್ಕ’ ಅಂತ ಏಳು ಸಲ ಬಂದಿದೆ. ಎಣಿಸಿದ್ದು ನಿನ್ನ ಭಾವ. ಸುಳ್ಳೇಕೆ, ನಾನೇ ಎಣಿಸಿದೆ.

ನೀನು ಊರು ಬಿಟ್ಟು ಹನ್ನೊಂದು ತಿಂಗಳಾಯಿತು. ನಿನ್ನ ಹೆಂಡತಿ ಹೋದ ಮೇಲೆ ಎರಡು ವರ್ಷ ನನ್ನ ಕೈಯಲ್ಲಿ ಉಂಡೆ. ಇಲ್ಲಿನ ಬೈಂಡಿಂಗ್ ಅಂಗಡಿ ಮುಚ್ಚಿತು, ಕೆಲಸ ಹುಡುಕಿಕೊಂಡು ಹೋದೆ, ನಾನು ತಡೆಯಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಏನಂದಿದ್ದೆ? ‘ಅಕ್ಕ, ನಮ್ಮ ನಿಯಮ ಬಿಡೋದಿಲ್ಲ. ಮಾಂಸ ಮುಟ್ಟಿದ ಪಾತ್ರೆಯಲ್ಲಿ ಬೆಂದದ್ದು ಬಾಯಿಗೆ ಹಾಕೋದಿಲ್ಲ. ನನ್ನ ಅಡುಗೆ ನಾನೇ ಮಾಡ್ಕೊಳ್ತೀನಿ.’ ಈಗ ನೋಡಿದರೆ ಕೆಲಸದ ಮನೆಯಲ್ಲಿ ಎಲ್ಲರ ಜೊತೆ ಒಂದೇ ಮೇಜಿಗೆ ಕೂರುತ್ತೀಯಂತೆ. ಮಾಂಸ ತಿನ್ನುವವರೂ ಅಲ್ಲೇ, ನೀನೂ ಅಲ್ಲೇ. ಬಡಿಸುವವಳು ಹೊಲಿಗೆಯಕ್ಕ. ಅವಳು ನಮ್ಮ ಧರ್ಮದವಳೂ ಅಲ್ಲ.

ತಪ್ಪು ಅಂತ ನಾನು ಅನ್ನುತ್ತಿಲ್ಲ. ಮೂವತ್ತೊಂದು ವರ್ಷ ಎಲ್ಲ ಧರ್ಮದ ಹೊಟ್ಟೆಗಳಿಗೂ ಬೇಯಿಸಿ ಹಾಕಿದವಳು ನಾನು. ಓದು ಕಲಿತದ್ದೇ ರೋಗಿಗಳ ಮಂಚಕ್ಕೆ ನೇತುಹಾಕಿದ ಊಟದ ಚೀಟಿಗಳಿಂದ. ಉಪ್ಪು ಬೇಡ, ಮಾಂಸ ಬೇಡ, ಹಾಲು ಬೇಡ. ನನಗೆ ಬಂದ ಮೊದಲ ಪದವೇ ‘ಬೇಡ’. ಅಷ್ಟು ವರ್ಷದಲ್ಲಿ ಒಂದು ದಿನ, ಒಂದು ಸೌಟು ಅತ್ತಿತ್ತ ಆಗಿಲ್ಲ. ಅದಕ್ಕೇ ಕೇಳುತ್ತೇನೆ, ಬೇರೆ ಏನಿಲ್ಲ. ಯಾರವಳು? ಎಷ್ಟು ವಯಸ್ಸು? ಸೌಟುಗಳನ್ನು ಎಲ್ಲಿಡುತ್ತಾಳೆ?

ಇನ್ನೊಂದು. ನಿನಗೆ ಅಕ್ಕ ಅಂತ ಇರುವುದು ಒಬ್ಬಳೇ ಅಂದುಕೊಂಡಿದ್ದೆ. 

ನಿನ್ನ ಸ್ವಂತ ಅಕ್ಕ


ಜನವರಿ 27

ಅಕ್ಕನಿಗೆ ನಮಸ್ಕಾರ.

ಹೊಟ್ಟೆ ಸುಮ್ಮನಿದೆ. ಅಜ್ಜನ ಮಂಡಿ ಬಾಗುತ್ತದೆ, ಮೇಲೇಳುವಾಗ ಮಾತ್ರ ಇಬ್ಬರು ಬೇಕು. ಗಡಿಯಾರ ಸರಿಯಾದ ಹೊತ್ತಿಗೆ ಮಾತ್ರೆ ನುಂಗುತ್ತಿದ್ದಾರೆ. ಭಾವನಿಗೆ ಹೇಳು, ಅವರ ಹಳೆಯ ಡಿಕ್ಷನರಿಗೆ ಹೊಸ ರಟ್ಟು ಹಾಕಿದ್ದೇನೆ, ಯಾರಾದರೂ ಬಂದರೆ ಕಳಿಸುತ್ತೇನೆ.

ಹೊಲಿಗೆಯಕ್ಕನಿಗೆ ನನಗಿಂತ ಎರಡು ವರ್ಷ ಹೆಚ್ಚು, ಐವತ್ತೆಂಟು. ಮಡಿಸಿದ ಹಾಳೆಗಳನ್ನು ದಾರದಲ್ಲಿ ಹೊಲಿಯುವ ಕೆಲಸ ಅವರದು, ಅದಕ್ಕೇ ಆ ಹೆಸರು. ನಾನು ಇಟ್ಟದ್ದಲ್ಲ. ನಾನು ಬರುವ ಮೊದಲೇ ಇಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಕೋಪ ಮಾಡಿಕೊಳ್ಳಬೇಡ.

ನಿನಗೆ ಒಂದು ವಿಷಯ ಹೇಳಿರಲಿಲ್ಲ, ಹೆದರುತ್ತೀಯ ಅಂತ. ಬಂದ ನಾಲ್ಕನೇ ತಿಂಗಳಿನಲ್ಲಿ ಹಾಳೆ ಕತ್ತರಿಸುವ ಯಂತ್ರದ ಪಕ್ಕದಲ್ಲೇ ಕಣ್ಣು ಕತ್ತಲೆ ಬಂದು ಬಿದ್ದೆ. ಎದ್ದಾಗ ಹೊಲಿಗೆಯಕ್ಕ ಎದುರಿಗೆ ಕೂತಿದ್ದರು.

‘ಬೆಳಿಗ್ಗೆ ಏನ್ ತಿಂದ್ರಿ?’

‘ಬ್ರೆಡ್ಡು.’

‘ನಿನ್ನೆ?’

‘ಬ್ರೆಡ್ಡು.’

‘ಅದನ್ನೇ ಜೋಡಿಸಿ ಹೊಲಿದು ಒಂದು ಪುಸ್ತಕ ಮಾಡೋಣ್ವಾ?’

ಎಲ್ಲರೂ ನಕ್ಕರು. ಆಮೇಲೆ ಅವರು ಪೆನ್ಸಿಲ್ ತೆಗೆದುಕೊಂಡು ನಮ್ಮ ನಿಯಮವನ್ನು ಒಂದೊಂದಾಗಿ ಕೇಳಿ ಬರೆದುಕೊಂಡರು. ಮೊಟ್ಟೆ? ಆಗುವುದಿಲ್ಲ. ಮಾಂಸ ಬೆಂದ ಪಾತ್ರೆ ತೊಳೆದರೆ? ಆಗುವುದಿಲ್ಲ. ಸೌಟು ಕುದಿಯುವ ನೀರಿಗೆ ಹಾಕಿದರೆ? ಆಗುವುದಿಲ್ಲ. ‘ನಿಮ್ಮ ದೇವರೂ ನಮ್ಮ ದೇವರಷ್ಟೇ ಕಟ್ಟುನಿಟ್ಟು. ಒಳ್ಳೇದಾಯ್ತು, ಇಬ್ಬರೂ ಒಬ್ಬರನ್ನೊಬ್ಬರು ಅರ್ಥ ಮಾಡ್ಕೊಳ್ತಾರೆ’ ಅಂದರು. ಮರುದಿನ ನನಗಾಗಿ ಹೊಸ ಪಾತ್ರೆ, ಹೊಸ ಸೌಟು ಬಂದವು.

ನಾವು ಒಂಬತ್ತು ಜನ. ಹೊಲಿಗೆಯಕ್ಕನ ಧರ್ಮದವರು ತಮ್ಮವರ ಅಂಗಡಿಯಲ್ಲಿ ಪ್ರಾರ್ಥನೆ ಹೇಳಿ ಕೊಯ್ದ ಮಾಂಸ ಬಿಟ್ಟು ಬೇರೆಯದನ್ನು ತಿನ್ನುವುದಿಲ್ಲ. ಅಜ್ಜನಿಗೆ ಮಾಂಸದ ಜೊತೆ ಹಾಲು, ಮೊಸರು ಸೇರಬಾರದು. ಮೇಸ್ತ್ರಿಗೆ ಯಾವ ನಿಯಮವೂ ಇಲ್ಲ, ಒಂದು ಗಂಟೆಗೆ ತಟ್ಟೆ ಮುಂದೆ ಇರಬೇಕು ಅನ್ನುವುದೊಂದೇ ಧರ್ಮ. ಎಲ್ಲರಿಗಿಂತ ಬಿಗಿಯಾದವರು ಮಾಂಸವನ್ನು ಎಲ್ಲಿ ತರುತ್ತಾರೋ ಅಲ್ಲಿಂದಲೇ ತಂದರೆ ಉಳಿದವರಿಗೂ ನಡೆಯುತ್ತದೆ ಅನ್ನುವುದು ಹೊಲಿಗೆಯಕ್ಕನ ಲೆಕ್ಕ. ಮೂರು ಪಾತ್ರೆ, ಮೂರು ಸೌಟು. ಸೌಟಿನ ಹಿಡಿಗೆ ಪುಸ್ತಕ ಹೊಲಿಯುವ ಮೇಣದ ದಾರ ಸುತ್ತಿದ್ದಾರೆ. ನನ್ನದಕ್ಕೆ ಬಿಳಿ, ಮಾಂಸದ್ದಕ್ಕೆ ಕೆಂಪು, ಮೊಸರಿನದಕ್ಕೆ ನೀಲಿ. ಪ್ರತಿ ಸೋಮವಾರ ಹಳೆ ದಾರ ಬಿಚ್ಚಿ ಹೊಸದು ಸುತ್ತುತ್ತಾರೆ.

ಇನ್ನೊಂದು ಹೇಳಿದರೆ ನಿನಗೂ ಸಂತೋಷವಾದೀತು. ನಾನು ದಿನವಿಡೀ ಕೈ ಅದ್ದುವ ಅಂಟನ್ನು ಪ್ರಾಣಿಯ ತೊಗಲು, ಮೂಳೆ ಕಾಯಿಸಿ ಮಾಡುತ್ತಾರೆ. ಊಟದ ಮೊದಲು ಮೊಣಕೈವರೆಗೆ ಉಜ್ಜಿ ತೊಳೆಯುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ. ಹೊಲಿಗೆಯಕ್ಕ ಅದನ್ನು ನೋಡಿ, ಏನೂ ಕೇಳದೆ, ನಲ್ಲಿಯ ಹತ್ತಿರ ನನಗೆ ಬೇರೆ ಸೋಪು, ಬೇರೆ ಬ್ರಷ್ ತಂದಿಟ್ಟರು.

ಈಗ ಹೇಳು, ನಿಯಮ ಎಲ್ಲಿ ಬಿಟ್ಟೆ?

ನಿನ್ನ ತಮ್ಮ


ಫೆಬ್ರವರಿ 9

ಮರಿ,

ಸಂತೋಷವಾದೀತು ಅಂತ ಬರೆದೆ. ಆಗಲಿಲ್ಲ.

ಬಿದ್ದದ್ದನ್ನು ನನಗೆ ಹೇಳಲಿಲ್ಲ. ಹೆದರುತ್ತೇನಂತೆ. ಚಿಕ್ಕಂದಿನಲ್ಲಿ ನಿನ್ನ ಹಲ್ಲು ಬಿದ್ದರೂ ನನ್ನ ಕೈಯಲ್ಲಿ ಇಟ್ಟು ಅಳುತ್ತಿದ್ದವನು ನೀನು. ಅಮ್ಮ ಹೋದಾಗ ನಿನಗೆ ಆರು ವರ್ಷ, ನನಗೆ ಹದಿನೆಂಟು. ಅಲ್ಲಿಂದ ನಿನ್ನ ಹೊಟ್ಟೆಯ ಲೆಕ್ಕವೆಲ್ಲ ನನ್ನ ಹತ್ತಿರವೇ ಇತ್ತು. ಈಗ ಪೆನ್ಸಿಲಿನಲ್ಲಿ ಅವಳು ಬರೆದಿಟ್ಟುಕೊಂಡಿದ್ದಾಳೆ.

ಆ ಅಂಟಿನ ವಿಷಯ ನನ್ನನ್ನು ಕೂರಲು ಬಿಡುತ್ತಿಲ್ಲ. ಮೂವತ್ತು ವರ್ಷದಿಂದ ನೀನು ಬೈಂಡರು. ಕೈ ತೊಳೆದು ಬಂದು ಕೂರುತ್ತಿದ್ದೆ, ನಾನು ಬಡಿಸುತ್ತಿದ್ದೆ. ಅಷ್ಟು ಹೊತ್ತು ಯಾಕೆ ತೊಳೆಯುತ್ತೀಯ ಅಂತ ರೇಗಿದ್ದೂ ಉಂಟು, ಸಾರು ಆರುತ್ತದೆ ಅಂತ. ಅಂಟು ಯಾವುದರಿಂದ ಮಾಡುತ್ತಾರೆ ಅಂತ ನಾನು ಒಂದು ದಿನ ಕೇಳಲಿಲ್ಲ. ಅವಳಿಗೆ ಕೇಳಬೇಕಾಗಿಯೂ ಬರಲಿಲ್ಲ, ನೋಡಿಯೇ ತಿಳಿದುಕೊಂಡಳು.

ಇದನ್ನು ನಿನ್ನ ಭಾವನಿಗೆ ಕೂಗಿ ಕೂಗಿ ಹೇಳಿದೆ. ‘ಒಳ್ಳೇ ಹೆಂಗಸು ಕಣೇ’ ಅಂದರು. ಆಮೇಲೆ ನನ್ನ ಮುಖ ನೋಡಿ, ‘ಗ್ಯಾಸ್ ಉಳಿಸ್ಬಹುದು. ನಿನ್ನ ಹೊಟ್ಟೆ ಮೇಲೇ ಟೀ ಇಡು, ಕುದಿಯತ್ತೆ’ ಅಂದರು. ನಲವತ್ತು ವರ್ಷ ಆಂಬುಲೆನ್ಸ್ ಓಡಿಸಿದ ಮನುಷ್ಯ, ಯಾರಿಗೆ ಎಲ್ಲಿ ನೋವು ಅಂತ ಗೊತ್ತಾಗಿಬಿಡುತ್ತದೆ.

ಮರಿ, ಅವಳು ನಿಯಮ ಕೆಡಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಬೈಯಬಹುದಿತ್ತು. ‘ಬೇಡ, ಬಿಡು, ಅವರ ಕೈ ಊಟ ನಮಗಲ್ಲ’ ಅನ್ನಬಹುದಿತ್ತು. ನಮ್ಮ ನಿಯಮವನ್ನು ನನಗಿಂತ ಚೆನ್ನಾಗಿ ಕಾಯುತ್ತಿರುವವಳಿಗೆ ಏನು ಹೇಳುವುದು?

ಒಂದು ಕಡೆ ಮಾತ್ರ ನನಗೆ ಅನುಮಾನ. ದಾರ ಅಂದೆಯಲ್ಲ, ಅದು ಬಿಚ್ಚುವ ವಸ್ತು. ನಮ್ಮ ಆಸ್ಪತ್ರೆಯ ಅಡುಗೆಮನೆಯಲ್ಲಿ ಹಿಡಿಗೇ ಗುರುತು ಕೊರೆಸಿದ್ದೆವು. ನಾನೊಮ್ಮೆ ಬಂದು ನೋಡಬೇಕು. ಬಾ ಅಂತ ನೀನು ಕರೆದಿಲ್ಲ, ಇರಲಿ. ಇಪ್ಪತ್ತಾರಕ್ಕೆ ಬಸ್ಸು. ಹೊದಿಕೆ ನಾನೇ ತರುತ್ತೇನೆ.

ನಿನ್ನ ಅಕ್ಕ


ಮಾರ್ಚ್ 14

ಅಕ್ಕ,

ನೀನು ಕ್ಷೇಮವಾಗಿ ಮುಟ್ಟಿದ್ದು ದೊಡ್ಡವಳ ಕಾರ್ಡಿನಿಂದ ತಿಳಿಯಿತು. ಬಸ್ ನಿಲ್ದಾಣದಲ್ಲಿ ನಾವಿಬ್ಬರೂ ಬಸ್ಸಿನ ಬಗ್ಗೆ, ಕಿಟಕಿಯ ಬಗ್ಗೆ, ನೀರಿನ ಬಾಟಲಿಯ ಬಗ್ಗೆ ಮಾತಾಡಿದೆವು. ಮಾತಾಡಬೇಕಾದ್ದನ್ನು ಮಾತಾಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಐದು ದಿನ ಎಷ್ಟು ಚೆನ್ನಾಗಿತ್ತು. ನೀನು ಹೊಲಿಗೆಯಕ್ಕನ ಪಕ್ಕ ನಿಂತು ತರಕಾರಿ ಹೆಚ್ಚುತ್ತಿದ್ದೆ, ‘ಇಷ್ಟು ದಪ್ಪ ಹೆಚ್ಚಿದ್ರೆ ಹಲ್ಲಿಲ್ಲದ ಅಜ್ಜ ಏನ್ ಮಾಡ್ಬೇಕು’ ಅಂತ ಗದರುತ್ತಿದ್ದೆ, ಅವರು ನಗುತ್ತಾ ಇನ್ನೂ ಸಣ್ಣಗೆ ಹೆಚ್ಚುತ್ತಿದ್ದರು. ನೀವಿಬ್ಬರೂ ಹೊಂದಿಕೊಂಡಿರಿ ಅಂತ ನಾನು ಹಿಗ್ಗಿದ್ದೆ.

ಆ ಸೋಮವಾರ ಅವರು ಎಂದಿನಂತೆ ಬೆಳಿಗ್ಗೆ ಹೊಸ ದಾರ ಸುತ್ತಿ ಸೌಟುಗಳನ್ನು ಮೊಳೆಗೆ ನೇತುಹಾಕಿದರು. ಒಂದು ಗಂಟೆಗೆ ಬಿಳಿ ದಾರದ ಸೌಟಿನಿಂದಲೇ ನನಗೆ ಬೇಳೆ ಬಡಿಸಿದರು. ನಾನು ಒಂದು ತುತ್ತು ಬಾಯಿಗಿಟ್ಟೆ. ಆಗ ನೀನು ಕೂಗಿದೆ, ‘ಮರೀ, ನುಂಗ್ಬೇಡ! ಅದು ಮಾಂಸದ ಸೌಟು, ಹಿಡಿ ಹತ್ರ ನೆಗ್ಗಿದೆ ನೋಡು!’ ಎಲ್ಲರೂ ಎದ್ದು ನೋಡಿದರು. ಹೌದು, ನೆಗ್ಗಿತ್ತು. ನೆಗ್ಗಿರುವುದು ಮಾಂಸದ ಸೌಟೇ ಅಂತ ಅಜ್ಜನಿಗೂ ನೆನಪಿತ್ತು. ದಾರ ಮಾತ್ರ ಅದಲುಬದಲಾಗಿತ್ತು. ಅಷ್ಟರಲ್ಲಿ ನಾನು ನುಂಗಿಯಾಗಿತ್ತು.

ನಿನ್ನ ಮೂವತ್ತೊಂದು ವರ್ಷದ ಕಣ್ಣನ್ನು ಎಲ್ಲರೂ ಹೊಗಳಿದರು. ಹೊಲಿಗೆಯಕ್ಕ ಸೌಟು ಹಿಡಿದುಕೊಂಡೇ ನಿಂತಿದ್ದರು. ‘ನಾನೇ ಸುತ್ತಿದ್ದು. ಕನ್ನಡಕ ಹಾಕ್ಕೊಂಡೇ ಸುತ್ತಿದ್ದೆ’ ಅಂತ ಎರಡು ಸಲ ಅಂದರು.

ನಮ್ಮ ನಿಯಮದಂತೆ ನಾನು ಏಳು ದಿನ ಒಪ್ಪೊತ್ತು ಉಂಡೆ. ಹೊಟ್ಟೆ ಮತ್ತೆ ಹಿಡಿದುಕೊಂಡಿದೆ. ಆದರೆ ಆಶ್ಚರ್ಯ ಏನು ಗೊತ್ತೇ ಅಕ್ಕ, ನನಗೆ ಅವರ ಮೇಲೆ ಕೋಪವೇ ಬರಲಿಲ್ಲ. ಕೋಪ ಬಂದದ್ದು ಉಳಿದವರಿಗೆ. ಅಜ್ಜ ಮರುದಿನ, ‘ಇವತ್ತು ಅವನಿಗೆ, ನಾಳೆ ನನಗೆ. ನನ್ನ ಡಬ್ಬಿ ನಾನೇ ತರ್ತೀನಪ್ಪ’ ಅಂದರು. ಇನ್ನಿಬ್ಬರು ಅವರ ಹಿಂದೆ ಹೋದರು. ಹೊಲಿಗೆಯಕ್ಕ ಪಾತ್ರೆಗಳನ್ನು ತೊಳೆದು ಕಪಾಟಿನಲ್ಲಿ ಕವುಚಿಟ್ಟರು. ಈಗ ಒಬ್ಬೊಬ್ಬರೂ ಅವರವರ ಕೆಲಸದ ಹಲಗೆಯ ಮೇಲೆ, ಗೋಡೆಗೆ ಮುಖ ಮಾಡಿಕೊಂಡು ತಿನ್ನುತ್ತಾರೆ. ಊಟದ ಮೇಜಿನ ಮೇಲೆ ಮೇಸ್ತ್ರಿ ಹಾಳೆಗಳ ಹೊರೆ ಇಟ್ಟಿದ್ದಾರೆ.

ನಾನು ಬ್ರೆಡ್ಡು ತರುತ್ತೇನೆ.

ತಮ್ಮ


ಮಾರ್ಚ್ 22

ಮರಿ,

ನಾನು ಮೊದಲೇ ಹೇಳಿದ್ದೆ ಅಂತ ಈಗ ಹೇಳುವುದಿಲ್ಲ. ದಾರ ಬಿಚ್ಚುವ ವಸ್ತು ಅಂತ ಮಾತ್ರ ಬರೆದಿದ್ದೆ.

ಬ್ರೆಡ್ಡು ತಿನ್ನಬೇಡ. ಹುರಿದ ಹಿಟ್ಟು ಎರಡು ಡಬ್ಬಿ ಕಳಿಸಿದ್ದೇನೆ, ಬಿಸಿನೀರಿಗೆ ಹಾಕಿ ಕಲಸಿಕೋ. ನನ್ನ ಕೈಯದು, ಭಯವಿಲ್ಲ. ನೀನು ವಾಪಸ್ಸೇ ಬಂದುಬಿಟ್ಟರೆ ಒಳ್ಳೆಯದು. ಇಲ್ಲಿ ಶಾಲೆಯ ಲೈಬ್ರರಿಯಲ್ಲಿ ಹರಿದ ಪುಸ್ತಕಗಳು ಗುಡ್ಡೆ ಬಿದ್ದಿವೆ, ಬೈಂಡರ್ ಬೇಕಂತೆ ಅಂತ ದೊಡ್ಡವಳು ಹೇಳಿದಳು. ನಿನ್ನ ಕೋಣೆ ಹಾಗೆಯೇ ಇದೆ. ಮೂಲೆಯಲ್ಲಿ ಭಾವ ತಮ್ಮ ಹಳೆ ರೇಡಿಯೋ ಇಟ್ಟಿದ್ದಾರೆ, ತೆಗೆಸುತ್ತೇನೆ.

ಹೊಟ್ಟೆಗೆ ಡಾಕ್ಟರನ್ನು ಕಂಡೆಯಾ? ಏಳು ದಿನ ಯಾಕೆ ಒಪ್ಪೊತ್ತು ಮಾಡಿದೆ? ಗೊತ್ತಿಲ್ಲದೆ ಆದದ್ದಕ್ಕೆ ಮೂರು ದಿನ ಸಾಕು ಅಂತ ಅಪ್ಪ ಹೇಳುತ್ತಿದ್ದರು.

ಅವಳು ಅತ್ತಳಾ?

ಅಕ್ಕ


ಮಾರ್ಚ್ 30

ದೊಡ್ಡಕ್ಕನವರಿಗೆ,

ನಾನು ಹೊಲಿಗೆ ಕೆಲಸದವಳು. ನಿಮ್ಮ ವಿಳಾಸವನ್ನು ನಿಮ್ಮ ತಮ್ಮನವರು ಬರೆದ ಲಕೋಟೆಯ ಮೇಲೆ ನೋಡಿಕೊಂಡೆ. ಅವರಿಗೆ ಹೇಳಿಲ್ಲ, ನೀವೂ ಹೇಳಬೇಡಿ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ಅಂತ ನಂಬುತ್ತೇನೆ. ನಿಮ್ಮ ಯಜಮಾನರ ಕಿವಿಗೆ ನನ್ನ ಸೊಸೆ ಒಬ್ಬ ಒಳ್ಳೆ ಡಾಕ್ಟರ ಹೆಸರು ಕೊಟ್ಟಿದ್ದಾಳೆ, ಹಿಂದುಗಡೆ ಬರೆದಿದ್ದೇನೆ.

ಆ ದಿನ ನಾನು ನಿಮ್ಮ ಕ್ಷಮೆ ಕೇಳಲಿಲ್ಲ. ಇನ್ನೊಬ್ಬರ ವ್ರತ ಮುರಿಯುವುದು ನಮ್ಮಲ್ಲಿ ನಮ್ಮದನ್ನು ಮುರಿದುಕೊಳ್ಳುವುದಕ್ಕಿಂತ ದೊಡ್ಡ ತಪ್ಪು. ಮೂರು ದಿನ ಉಪವಾಸ ಇದ್ದೆ. ಅದರಿಂದ ಅವರ ಹೊಟ್ಟೆಯೇನೂ ಸರಿಹೋಗುವುದಿಲ್ಲ, ಗೊತ್ತು. ನೀವು ಆ ದಿನ ನೋಡದೇ ಹೋಗಿದ್ದರೆ ವಾರವೆಲ್ಲ ಅದರಿಂದಲೇ ಬಡಿಸುತ್ತಿದ್ದೆನಲ್ಲ ಅಂತ ದಿನವೂ ನೆನೆಯುತ್ತೇನೆ. ನಿಮ್ಮ ಋಣ ನನ್ನ ಮೇಲಿದೆ.

ಒಂದು ಕೇಳಬೇಕು. ನಾನು ಬಿಳಿ ದಾರವನ್ನು ಕಿಟಕಿಯ ಬೆಳಕಿನಲ್ಲಿ ನಿಂತು ಸುತ್ತಿದ್ದೆ ಅಂತಲೇ ನನಗೆ ಇವತ್ತಿಗೂ ನೆನಪು. ಹಾಗಿದ್ದೂ ತಪ್ಪಾಯಿತು ಅಂದರೆ ನನ್ನ ಕಣ್ಣನ್ನೋ ನೆನಪನ್ನೋ ಇನ್ನು ನಂಬುವ ಹಾಗಿಲ್ಲ. ಪುಸ್ತಕದ ಕೆಲಸದಲ್ಲೂ ಈಗ ಹೊಲಿದದ್ದನ್ನು ಬಿಚ್ಚಿ ಬಿಚ್ಚಿ ನೋಡುತ್ತೇನೆ. ಮೂವತ್ತೊಂದು ವರ್ಷ ನೀವು ಸೌಟು ತಪ್ಪದ ಹಾಗೆ ಹೇಗೆ ನೋಡಿಕೊಂಡಿರಿ? ಬರೆದು ತಿಳಿಸಿದರೆ ಕಲಿಯುತ್ತೇನೆ.

ನಿಮ್ಮ ತಮ್ಮನವರು ತುಂಬಾ ಇಳಿದುಹೋಗಿದ್ದಾರೆ. ನೀವು ಕಳಿಸಿದ ಹಿಟ್ಟನ್ನು ತಿನ್ನುತ್ತಾರೆ, ಅರ್ಧಕ್ಕೇ ಎದ್ದುಬಿಡುತ್ತಾರೆ. ಒಬ್ಬರೇ ಕೂತರೆ ಅವರಿಗೆ ಊಟ ಇಳಿಯುವುದಿಲ್ಲ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ನಿಮ್ಮ ತಂಗಿಯಂಥವಳು


ಏಪ್ರಿಲ್ 19

ಅಕ್ಕ,

ನೀನು ಇಷ್ಟು ದೊಡ್ಡ ಮನಸ್ಸಿನವಳು ಅಂತ ಗೊತ್ತಿತ್ತು, ಆದರೂ ಇಷ್ಟು ಅಂತ ಗೊತ್ತಿರಲಿಲ್ಲ.

ಹೋದ ವಾರ ಹೊಲಿಗೆಯಕ್ಕನಿಗೆ ಕೆಲಸದ ಮನೆಗೇ ನಿನ್ನ ಪತ್ರ ಬಂತು. ಅಕ್ಷರ ನೋಡಿ ನನಗೆ ತಿಳಿಯಿತು. ಅವರು ಕಿಟಕಿಯ ಹತ್ತಿರ ನಿಂತು ಓದಿದರು. ಆಮೇಲೆ ಸ್ಟೂಲಿನ ಮೇಲೆ ಕೂತು ಇನ್ನೊಮ್ಮೆ ಓದಿದರು. ಕೆಲಸದ ಹೊತ್ತು, ಆದರೂ ಗಡಿಯಾರ ಮೇಸ್ತ್ರಿ ಕೈಗಡಿಯಾರ ನೋಡಿಕೊಂಡು ಸುಮ್ಮನೆ ಆಚೆ ಹೋದರು, ಹೊಲಿಗೆಯಕ್ಕನ ಮುಖ ಹಾಗಿತ್ತು. ಕೊನೆಗೆ ಎದ್ದು ಒಲೆ ಹಚ್ಚಿ ಪತ್ರವನ್ನು ಅದಕ್ಕೆ ಹಿಡಿದರು.

‘ಏನ್ ಬರೆದಿದ್ದಾಳೆ ನಮ್ಮಕ್ಕ?’ ಅಂದೆ.

‘ಸೌಟು ಇಡೋ ಕ್ರಮ.’

‘ಎರಡು ಹಾಳೆ ತುಂಬ?’

‘ದೊಡ್ಡ ಆಸ್ಪತ್ರೆ ಅಲ್ವಾ, ತುಂಬಾ ಸೌಟು.’

‘ಸುಟ್ಟಿದ್ದು ಯಾಕೆ?’

‘ಬಾಯಿಪಾಠ ಆಯ್ತು.’

ಮರುದಿನ ಪಾತ್ರೆಗಳು ಕಪಾಟಿನಿಂದ ಇಳಿದವು. ನನ್ನದಕ್ಕೆ ಮರದ ಸೌಟು ತಂದರು, ಮಾಂಸದ್ದಕ್ಕೆ ಉದ್ದ ಹಿಡಿಯದು. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಗೊತ್ತಾಗುತ್ತದೆ. ‘ದೊಡ್ಡಕ್ಕ ಹೇಳಿಕೊಟ್ಟಿದ್ದಾರೆ, ಇನ್ನು ತಪ್ಪಾಗಲ್ಲ’ ಅಂತ ಎಲ್ಲರೆದುರು ಹೇಳಿದರು. ಅಜ್ಜ ಎರಡು ದಿನ ಗೋಡೆ ನೋಡಿಕೊಂಡೇ ತಿಂದರು. ಮೂರನೇ ದಿನ, ‘ಗೋಡೆಗೆ ಮಾತೇ ಬರಲ್ಲಪ್ಪ’ ಅಂತ ತಟ್ಟೆ ಹಿಡಿದುಕೊಂಡು ಬಂದರು. ಈಗ ಒಂಬತ್ತೂ ಜನ ಕೂರುತ್ತೇವೆ. ಹೊಟ್ಟೆನೋವೂ ಸ್ವಲ್ಪ ತಗ್ಗಿದೆ.

ನಿನ್ನಿಂದಲೇ ಇದೆಲ್ಲ ಕೂಡಿಬಂದದ್ದು ಅಂತ ದಿನವೂ ಯಾರಾದರೂ ಒಬ್ಬರು ಅನ್ನುತ್ತಾರೆ. ಹೊಲಿಗೆಯಕ್ಕ ‘ಹೌದು’ ಅನ್ನುತ್ತಾರೆ. ಲೈಬ್ರರಿಯ ಕೆಲಸ ಸದ್ಯಕ್ಕೆ ಬೇಡ ಅಕ್ಕ. ನಾನು ಇಲ್ಲೇ ಇರುತ್ತೇನೆ.

ತಮ್ಮ


ಏಪ್ರಿಲ್ 29

ಮರಿ,

ಭಾವ, ದೊಡ್ಡವಳು ಕ್ಷೇಮ. ನನ್ನ ವಿಷಯ ಕೊನೆಗೆ ನೀನೇ ಹೇಳು.

ಅವಳಿಗೆ ನಾನು ಸೌಟು ಇಡುವ ಕ್ರಮ ಬರೆದಿರಲಿಲ್ಲ. ದಾರ ಬದಲಿಸಿದವಳು ನಾನು.

ಬಿಡಿಸಿ ಹೇಳುತ್ತೇನೆ. ಆ ಸೋಮವಾರ ಅವಳು ದಾರ ಸುತ್ತಿ, ಸೌಟುಗಳನ್ನು ನೇತುಹಾಕಿ, ಹೊಲಿಗೆಗೆ ಕೂತಳು. ಒಲೆಯ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಅವಳು ಸರಿಯಾಗಿಯೇ ಸುತ್ತಿದ್ದಳು. ಅವಳ ಕಣ್ಣೂ ಸರಿ, ನೆನಪೂ ಸರಿ. ನಾನು ಬಿಳಿಯದನ್ನು ಬಿಚ್ಚಿ ನೆಗ್ಗಿದ್ದ ಸೌಟಿಗೆ ಸುತ್ತಿದೆ, ಕೆಂಪನ್ನು ನಿನ್ನದಕ್ಕೆ. ಗಂಟು ಕೂಡ ಅವಳು ಹಾಕುವ ಹಾಗೆಯೇ ಹಾಕಿದೆ. ಐದು ದಿನ ಪಕ್ಕದಲ್ಲಿ ನಿಂತು ನೋಡಿದ್ದೆನಲ್ಲ. ಆಸ್ಪತ್ರೆಯಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಕುತ್ತಿಗೆ ಹಿಡಿದು ಹೊರಗೆ ತಳ್ಳುತ್ತಿದ್ದೆ.

ನೀನು ಬಾಯಿಗಿಡುವ ಮೊದಲೇ ಕೂಗಬೇಕು ಅಂತ ನನ್ನ ಲೆಕ್ಕ. ತಟ್ಟೆಗೆ ಬಿದ್ದ ಕೂಡಲೇ ಕೂಗಿದರೆ ನಿನ್ನ ನಿಯಮವೂ ಉಳಿಯುತ್ತದೆ, ಅವಳ ಹೆಸರೂ ಹೋಗುತ್ತದೆ. ನನ್ನ ಕೈಯಲ್ಲಿ ಉಣ್ಣುವಾಗ ನೀನು ತಟ್ಟೆಯನ್ನು ಒಮ್ಮೆ ನೋಡುತ್ತೀಯ, ಬೆರಳಿನಿಂದ ಅನ್ನ ಸರಿಸುತ್ತೀಯ, ಕಲ್ಲೋ ಕೂದಲೋ ಇದೆಯಾ ಅಂತ. ಚಿಕ್ಕಂದಿನಿಂದ ಹಾಗೆ. ಅಷ್ಟು ಹೊತ್ತು ನನಗೆ ಸಿಗುತ್ತದೆ ಅಂದುಕೊಂಡಿದ್ದೆ. ಅವಳು ಬಡಿಸಿದಾಗ ನೀನು ನೋಡಲೇ ಇಲ್ಲ, ಮರಿ. ಅಜ್ಜನ ಜೊತೆ ಏನೋ ಮಾತಾಡುತ್ತಾ, ಅವಳ ಕೈಯಿಂದ ಬಿದ್ದದ್ದನ್ನು ಹಾಗೇ ಕಲಸಿ ಬಾಯಿಗಿಟ್ಟೆ. ಅದನ್ನು ನೋಡುತ್ತಾ ನನಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಕೂಗುವುದು ತಡವಾಯಿತು. ತುತ್ತು ಒಳಗೆ ಹೋಯಿತು. ನಿನ್ನ ಐವತ್ತಾರು ವರ್ಷದ ವ್ರತ ಮುರಿದವಳು ನಿನಗೆ ಉಣ್ಣಿಸಿ ಬೆಳೆಸಿದವಳೇ.

ಅವಳ ಪತ್ರ ಬಂದ ಮೇಲೆ ನಾಲ್ಕು ದಿನ ಊಟ ಮಾಡಲಾಗಲಿಲ್ಲ. ಹೊಲಿದದ್ದನ್ನು ಬಿಚ್ಚಿ ಬಿಚ್ಚಿ ನೋಡುತ್ತೇನೆ ಅಂತ ಬರೆದಿದ್ದಳು. ಕೈಕೆಲಸದವರಿಗೆ ತಮ್ಮ ಕೈಯ ಮೇಲೇ ನಂಬಿಕೆ ಹೋದರೆ ಏನುಳಿಯುತ್ತದೆ, ನನಗೆ ಗೊತ್ತು. ಆದ್ದರಿಂದ ನಿನಗಿಂತ ಮೊದಲು ಅವಳಿಗೇ ಎಲ್ಲ ಬರೆದೆ. ಊಟದ ಹೊತ್ತಿನಲ್ಲಿ ಎಲ್ಲರೆದುರು ಓದಿಸು ಅಂತಲೂ ಬರೆದೆ. ಬೈಯುತ್ತಾಳೆ, ನಿನಗೆ ಹೇಳುತ್ತಾಳೆ, ನೀನು ಬೈಯುತ್ತೀಯ, ಮುಗಿಯುತ್ತದೆ ಅಂದುಕೊಂಡೆ. ದಿನವೂ ಅಂಚೆಯವನ ಸೈಕಲ್ಲಿಗೆ ಕಾದೆ. ಬಂದದ್ದು ನಿನ್ನ ಹೊಗಳಿಕೆ.

ಅವಳು ಸುಟ್ಟಳು. ನಿನ್ನ ಕಣ್ಣಲ್ಲಿ ನಾನು ಸಣ್ಣವಳಾಗಬಾರದು ಅಂತ ಸುಟ್ಟಳು. ಮಾಡದ ತಪ್ಪನ್ನು ಹೊತ್ತುಕೊಂಡು, ಎಲ್ಲರೆದುರು ನನ್ನ ಹೆಸರು ಹೇಳಿ ಮತ್ತೆ ಬಡಿಸಲು ನಿಂತಳು.

ಇನ್ನು ನಾಚಿಕೆಯ ಮಾತು ಹೇಳುತ್ತೇನೆ. ಇದನ್ನೆಲ್ಲ ಓದಿ ನನ್ನ ಹೊಟ್ಟೆಕಿಚ್ಚು ಆರಬೇಕಿತ್ತು. ಆರಲಿಲ್ಲ, ಹೆಚ್ಚಾಯಿತು. ಅವಳು ಒಂದು ಕೆಟ್ಟ ಮಾತು ಬರೆದಿದ್ದರೆ ನಾವಿಬ್ಬರೂ ಸಮ ಆಗುತ್ತಿದ್ದೆವು. ಅದಕ್ಕೂ ಅವಳು ಬಿಡಲಿಲ್ಲ. ನಿನ್ನ ಪತ್ರವನ್ನು ಭಾವನಿಗೆ ತೋರಿಸಿದೆ. ಅವರು ಕನ್ನಡಕ ತೆಗೆದಿಟ್ಟು, ‘ಸುಮ್ಮನಿದ್ರೆ ನೀನು ಗೆದ್ದೆ ಕಣೇ’ ಅಂದರು. ಅವರಿಗೆ ಎಲ್ಲ ಗೊತ್ತಿತ್ತು, ನಾನು ಅಲ್ಲಿಂದ ಬಂದ ದಿನವೇ ಮುಖ ನೋಡಿ ತಿಳಿದುಕೊಂಡಿದ್ದರಂತೆ. ತಮಾಷೆ ಮಾಡದೆ ಅವರು ಮಾತಾಡಿದ್ದನ್ನು ಎಷ್ಟೋ ವರ್ಷದ ಮೇಲೆ ಕೇಳಿದೆ.

ಐದು ದಿನ ಸುಮ್ಮನಿದ್ದೆ. ಆಗಲಿಲ್ಲ. ದಿನವೂ ಒಂದು ಗಂಟೆ ಹೊಡೆಯುತ್ತದೆ, ಈಗ ನೀವೆಲ್ಲ ಕೂತಿರುತ್ತೀರಿ, ಯಾರೋ ನನ್ನನ್ನು ಹೊಗಳುತ್ತಾರೆ, ಅವಳು ನಿನಗೆ ಬಡಿಸುತ್ತಾ ಹೌದು ಅನ್ನುತ್ತಾಳೆ. ಆ ‘ಹೌದು’ ನನಗೆ ನುಂಗಲಾಗುವುದಿಲ್ಲ. ಅವಳು ಒಳ್ಳೆಯವಳು ಅನ್ನುವುದು ನಿನಗೆ ಮೊದಲೇ ಗೊತ್ತು. ಎಷ್ಟು ಒಳ್ಳೆಯವಳು ಅನ್ನುವುದು ನಾನು ಹೇಳದಿದ್ದರೆ ನಿನಗೆ ಗೊತ್ತೇ ಆಗುವುದಿಲ್ಲ. ಅದನ್ನು ನಾನೇ ಹೇಳಬೇಕಾಗಿ ಬಂತಲ್ಲ ಅಂತ ಬರೆಯುತ್ತಾ ಬರೆಯುತ್ತಾ ಇನ್ನೂ ಉರಿಯುತ್ತಿದೆ. ಆದರೂ ಬರೆದಿದ್ದೇನೆ.

ನಿನ್ನ ವ್ರತಕ್ಕೆ ಏನು ಮಾಡಬೇಕೋ ನನಗೆ ಗೊತ್ತಿಲ್ಲ. ಗೊತ್ತಿದ್ದೂ ಇನ್ನೊಬ್ಬರದನ್ನು ಮುರಿಸಿದವರಿಗೆ ಎಷ್ಟು ದಿನ ಅಂತ ಅಪ್ಪ ಹೇಳಿರಲಿಲ್ಲ. ಅಂಥವರು ಮನೆಯಲ್ಲಿ ಹುಟ್ಟುತ್ತಾರೆ ಅಂತ ಅವರಿಗೆ ಹೊಳೆದಿರಲಿಕ್ಕಿಲ್ಲ. ನೀನು ಹೇಳಿದಷ್ಟು ಮಾಡುತ್ತೇನೆ.

ಈ ಪತ್ರವನ್ನು ಒಂಬತ್ತೂ ಜನರ ಮುಂದೆ ಗಟ್ಟಿಯಾಗಿ ಓದು. ಅವಳು ತಡೆಯುತ್ತಾಳೆ, ಕೇಳಬೇಡ. ಆದರೆ ಉಂಡ ಮೇಲೆ ಓದು, ಮೊದಲೇ ಓದಿದರೆ ಆ ದಿನ ನೀನು ಉಣ್ಣುವುದಿಲ್ಲ. ಅಜ್ಜ ಏನಂದರು, ಅವಳು ಏನಂದಳು, ನೀನು ಏನಂದೆ, ಬಿಡದೆ ಬರೆ. ಕೋಪ ತಣ್ಣಗಾದ ಮೇಲೆ ಬರೆಯೋಣ ಅಂತ ಕೂರಬೇಡ, ನನಗೆ ಅಷ್ಟು ದಿನ ಕಾಯುವ ಶಕ್ತಿ ಇಲ್ಲ. ಬಿಸಿ ಇರುವಾಗಲೇ ಬರೆ. ಒಂದೇ ಸಾಲಾದರೂ ಸರಿ, ಓದಿದ ದಿನವೇ ಅಂಚೆಗೆ ಹಾಕು.

ಅಕ್ಕ